ಗಾಜಿನ ಚೌಕಟ್ಟು ಇನ್ನು ಇಲ್ಲ, ಮರದ ಪಟ್ಟಿ ಬಿಡಿಬಿಡಿಯಾಗಿ ಬರುತ್ತೆ

ನಮಸ್ಕಾರ,

ಚೌಕಟ್ಟು ಯಾಕೆ ನಿಲ್ಲಿಸಿದಿರಿ, ಪಟ್ಟಿ ಯಾಕೆ ಬಿಡಿಬಿಡಿ, ಎರಡು ವಾರದಿಂದ ಫೋನ್ ಎತ್ತಿದರೆ ಇದೇ ಮಾತು. ಅದಕ್ಕೆ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಎಲ್‌ಪಿ (ಹಾಡಿನ ದೊಡ್ಡ ಗ್ರಾಮಫೋನ್ ತಟ್ಟೆ) ಕವರ್‌ಗೆ ಮಾಡಿಕೊಡುತ್ತಿದ್ದ ಗಾಜಿನ ಚೌಕಟ್ಟನ್ನು ಪೂರ್ತಿ ನಿಲ್ಲಿಸಿದ್ದೇವೆ. ಕವರ್ ನಿಲ್ಲಿಸಲು ಗೋಡೆಗೆ ಹಾಕುವ ಮರದ ಪಟ್ಟಿ ಮುಂದೆಯೂ ಇರುತ್ತೆ, ಆದರೆ ಜೋಡಿಸಿ ಕಳಿಸುವುದಿಲ್ಲ. ಗ್ರೂವ್ (ಕವರ್ ಕೂರುವ ಗಾಡಿ) ಹೊಡೆದು ಪಾಲಿಶ್ ಮಾಡಿದ ಎರಡು ತುಂಡು, ಸ್ಕ್ರೂ, ಗೋಡೆಯ ತೂತಿಗೆ ಹಾಕುವ ರಾಲ್ ಪ್ಲಗ್, ಗೋಡೆಗೆ ಅಂಟಿಸಿ ತೂತಿನ ಗುರುತು ಹಾಕಿಕೊಳ್ಳಲು ಒಂದು ಕಾಗದ, ಇಷ್ಟು ಬರುತ್ತೆ. ಜೋಡಿಸಿ ಗೋಡೆಗೆ ಏರಿಸುವ ಕೆಲಸ ನಿಮ್ಮದು. ಚೌಕಟ್ಟಿಗೆ ಮುಂಗಡ ಕೊಟ್ಟು ಕಾಯುತ್ತಿದ್ದ ಆರು ಜನಕ್ಕೆ ಪೂರ್ತಿ ದುಡ್ಡು ವಾಪಸ್ ಹಾಕಿದ್ದೇವೆ. ತಡವಾಯಿತು, ಕ್ಷಮಿಸಿ.

ಕಾರಣ ಹೇಳಲೇಬೇಕು. ಶಿವಮೊಗ್ಗದ ಒಬ್ಬರು ತಮ್ಮ ತಂದೆಯವರ ಕಾಲದ ಎಲ್‌ಪಿ ಕವರ್ ಒಂದನ್ನು ನಮ್ಮ ಕೈಗೆ ಕೊಟ್ಟು ಹೋಗಿದ್ದರು. ಚೌಕಟ್ಟು ಹಾಕಿ, ಥರ್ಮಾಕೋಲ್ ಸುತ್ತಿ, ಮೇಲೆ ದೊಡ್ಡದಾಗಿ ‘ಗಾಜು’ ಅಂತ ಬರೆದು ಕಳಿಸಿದೆವು. ಬಾಕ್ಸ್ ವಾಪಸ್ ಬಂದಾಗ ಅಲ್ಲಾಡಿಸುವ ಮೊದಲೇ ಒಳಗಿನ ಸದ್ದು ಗೊತ್ತಾಯಿತು. ಗಾಜಿನ ಚೂರೊಂದು ಕವರ್‌ನ ಮೇಲಿನ ಮೂಲೆಯನ್ನು ಒಂದು ಇಂಚು ಸೀಳಿತ್ತು. ಆ ಮೂಲೆಯಲ್ಲಿ ಅವರ ತಂದೆ ಪೆನ್ನಿನಲ್ಲಿ ಹೆಸರು ಬರೆದುಕೊಂಡಿದ್ದರು. ಗಾಜು ಎಷ್ಟು ಬೇಕಾದರೂ ಹೊಸದು ಹಾಕಿಕೊಡಬಹುದು, ಆ ಹೆಸರನ್ನು ಎಲ್ಲಿಂದ ತರಲಿ? ಅವರು ಒಂದು ಮಾತೂ ಬಯ್ಯಲಿಲ್ಲ. ಅವತ್ತೇ ತೀರ್ಮಾನ ಮಾಡಿದೆವು.

ಇನ್ನು ಸಾಗಣೆ ಖರ್ಚು. ಇದನ್ನು ನಾವೇ ಏರಿಸಿ ಲಾಭ ಮಾಡುತ್ತಿದ್ದೇವೆ ಅಂತ ಕೆಲವರು ಅಂದುಕೊಂಡಿದ್ದಾರೆ, ಅದು ನಿಜಕ್ಕೂ ನೋವಾಗುತ್ತೆ. ಕೊರಿಯರ್‌ನವರು ತಕ್ಕಡಿ ತೂಕ ಒಂದನ್ನೇ ನೋಡುವುದಿಲ್ಲ. ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ನಮ್ಮ ಚೌಕಟ್ಟಿನ ಬಾಕ್ಸ್ 46, 46, 12. ಲೆಕ್ಕ ಹಾಕಿ, ಐದು ಕೆಜಿ ಬರುತ್ತೆ. ಒಳಗಿರುವುದು ಎರಡೂವರೆ ಕೆಜಿ, ಅದರಲ್ಲಿ ಒಂದು ಕೆಜಿಗೂ ಮಿಕ್ಕಿ ಬರೀ ಗಾಜು! ಥರ್ಮಾಕೋಲ್ ಮತ್ತು ಗಾಳಿಗೆ ನೀವು ದುಡ್ಡು ಕೊಡುತ್ತಿದ್ದಿರಿ, ಒಡೆದಾಗೆಲ್ಲ ನಾವು ಎರಡನೇ ಸಲ ಕೊಡುತ್ತಿದ್ದೆವು. ಜೋಡಿಸಿದ ಪಟ್ಟಿಗೂ ಇದೇ ಕಥೆ, ಮೂರು ಕೆಜಿ ಬಿಲ್ ಬರುತ್ತಿತ್ತು. ಬಿಡಿಯಾಗಿ ಮಲಗಿಸಿ ಕಳಿಸಿದರೆ ಎರಡರೊಳಗೆ ಮುಗಿಯುತ್ತೆ.

ಈಗ ಎಲ್ಲರೂ ಕೇಳುವ ಪ್ರಶ್ನೆ. “ಕೆಲಸ ನಮ್ಮ ಕೈಲಿ ಮಾಡಿಸ್ತೀರಿ, ರೇಟು ಮಾತ್ರ ಯಾಕೆ ಅರ್ಧ ಆಗಿಲ್ಲ?” ಮೂರು ಕವರ್ ಹಿಡಿಯುವ ಪಟ್ಟಿ 1,390 ರೂಪಾಯಿ ಇತ್ತು, ಈಗ 1,250. ಇಳಿದ 140 ರೂಪಾಯಿ ಕೊರಿಯರ್‌ನಲ್ಲಿ ಉಳಿದದ್ದು, ಒಂದು ಪೈಸೆ ಇಟ್ಟುಕೊಳ್ಳದೆ ನಿಮಗೇ ಬಿಟ್ಟಿದ್ದೇವೆ. ಜೋಡಿಸುವುದು ಅಂದರೆ ಐದು ಸ್ಕ್ರೂ, ಹತ್ತು ನಿಮಿಷ. ನಿಜವಾದ ಕೆಲಸ ಅದಕ್ಕೂ ಮುಂಚೆ ಇರುತ್ತೆ. ದೊಡ್ಡ ಎಲ್‌ಪಿ ತಟ್ಟೆ 12 ಇಂಚು ಅಂತ ಎಲ್ಲರಿಗೂ ಗೊತ್ತು, ಆದರೆ ಕವರ್ ಸುಮಾರು 31.5 ಸೆಂಟಿಮೀಟರ್ ಇರುತ್ತೆ, ಅಂದರೆ ಮೂರಕ್ಕೆ 94.5, ಮೂರಡಿ ಪಟ್ಟಿ 91 ಚಿಲ್ಲರೆಗೇ ಮುಗಿದುಹೋಗುತ್ತೆ, ಮೂರನೆಯದು ನಿಲ್ಲುವುದೇ ಇಲ್ಲ. ಅದಕ್ಕೆ ನಮ್ಮದು 98 ಸೆಂಟಿಮೀಟರ್. ಎಂಟಡಿ ಹಲಗೆಯಲ್ಲಿ ಅಂಥವು ಎರಡೇ ಬರುತ್ತವೆ, ಒಂದೂವರೆ ಅಡಿ ಉಳಿದುಬಿಡುತ್ತೆ. (ಆ ತುಂಡಿನಲ್ಲಿ ಈಗ 7 ಇಂಚಿನ ಇಪಿ (ಚಿಕ್ಕ ತಟ್ಟೆ) ಎರಡು ನಿಲ್ಲುವ ಪುಟ್ಟ ಪಟ್ಟಿ ಮಾಡುತ್ತಿದ್ದೇವೆ. ಮನೆಯಲ್ಲಿ ಹಳೇ ಕನ್ನಡ ಸಿನಿಮಾ ಇಪಿ ಇರುವವರು ಕೇಳಿ.)

ಗ್ರೂವ್ ನೆಟ್ಟಗೆ ಹೊಡೆದರೆ ಕವರ್ ಮುಂದಕ್ಕೆ ಬೀಳುತ್ತೆ. ಐದು ಡಿಗ್ರಿ ಹಿಂದಕ್ಕೆ ವಾಲಿಸಿ ಹೊಡೆಯಬೇಕು, ಆಗ ಕವರ್ ತಾನಾಗಿ ಗೋಡೆಗೆ ಒರಗುತ್ತೆ. ಗ್ರೂವ್ ಒಳಗೆ ಬೆರಳು ಹೋಗುವುದಿಲ್ಲ, ಸ್ಯಾಂಡ್ ಪೇಪರನ್ನು ಐಸ್‌ಕ್ಯಾಂಡಿ ಕಡ್ಡಿಗೆ ಸುತ್ತಿ ಉಜ್ಜುತ್ತೇವೆ. ಅಲ್ಲಿ ಒಂದು ಸಿಬಿರು ಉಳಿದರೂ ಕವರ್‌ನ ಕೆಳ ಅಂಚು ಹರಿಯುತ್ತೆ. ರಬ್ಬರ್ ಮರಕ್ಕೆ ಹುಳ ಬೇಗ ಬೀಳುತ್ತೆ, ಅದಕ್ಕೇ ಬೋರಾನ್ ಹಾಕಿ ಒಣಗಿಸಿದ ಮರವನ್ನೇ ತರುತ್ತೇವೆ, ಅದರ ರೇಟು ಬೇರೆ. ಇದ್ಯಾವುದೂ ಕಡಿಮೆ ಆಗಿಲ್ಲ. ಕಡಿಮೆ ಮಾಡುವುದೂ ಇಲ್ಲ.

“ನಮ್ಮ ಬೀದಿ ಕಾರ್ಪೆಂಟರ್ ಇದಕ್ಕಿಂತ ಅಗ್ಗಕ್ಕೆ ಮಾಡಿಕೊಡ್ತಾನೆ” ಅನ್ನುವವರೂ ಇದ್ದಾರೆ. ಖಂಡಿತ ಮಾಡಿಸಿಕೊಳ್ಳಿ, ಅಥವಾ ಒಂದು ಭಾನುವಾರ ನೀವೇ ಕೂತು ಮಾಡಿ. ಕೆಳಗೆ 7 ಸೆಂಟಿಮೀಟರ್ ಅಗಲದ ಹಲಗೆ, ಹಿಂದೆ 6 ಸೆಂಟಿಮೀಟರ್ ಎತ್ತರದ ಪಟ್ಟಿ, ಎರಡೂ 2 ಸೆಂಟಿಮೀಟರ್ ದಪ್ಪ. ಗ್ರೂವ್ ಗೋಡೆಯಿಂದ 3 ಸೆಂಟಿಮೀಟರ್ ದೂರ ಇರಲಿ, 8 ಮಿಲಿಮೀಟರ್ ಅಗಲ ಇದ್ದರೆ ಮಡಚುವ ಡಬಲ್ ಕವರ್ ಕೂಡ ಕೂರುತ್ತೆ. ಗುರುತಿನ ಕಾಗದ ಅಂಗಡಿಗೆ ಬಂದು ಸುಮ್ನೆ ತಗೊಂಡು ಹೋಗಿ, ದುಡ್ಡು ಬೇಡ.

ಗೋಡೆಗೆ ಹಾಕುವವರಿಗೆ ಎರಡು ಮಾತು. ಅಂಟುವ ಟೇಪ್ ನಂಬಬೇಡಿ, ಡಿಸ್ಟೆಂಪರ್ ಸಮೇತ ಕಿತ್ತುಕೊಂಡು ಬರುತ್ತೆ. ಬಾಡಿಗೆ ಮನೆಯಾದರೆ ಓನರ್‌ಗೆ ಮೊದಲೇ ಹೇಳಿ, ಒಂದು ಪಟ್ಟಿಗೆ ಮೂರೇ ತೂತು. ಡ್ರಿಲ್ ಹಾಕುವ ಮೊದಲು ರಸಮಟ್ಟ ಇಟ್ಟು ನೋಡಿ. ಬಿಸಿಲು ಬೀಳುವ ಗೋಡೆ ಬೇಡವೇ ಬೇಡ, ಕೆಂಪು ಮತ್ತು ಹಳದಿ ಮೊದಲು ಮಾಸುತ್ತವೆ. ಮಂಗಳೂರು, ಮಲೆನಾಡಿನ ಕಡೆಯವರು ಮಳೆಗೆ ತೇವ ಏರುವ ಹೊರಗೋಡೆಯನ್ನೂ ಬಿಡಿ, ಕವರ್‌ಗೆ ಬೂಷ್ಟು ಹಿಡಿಯುತ್ತೆ. ತಟ್ಟೆಯನ್ನು ಒಳಗಿಂದ ತೆಗೆದು ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಗೋಡೆಗೆ ಕವರ್ ಸಾಕು, ಅಲ್ವಾ?

ವಯಸ್ಸಾದವರು, ಕೈಲಾಗದವರು ಸಂಕೋಚ ಮಾಡಿಕೊಳ್ಳಬೇಡಿ. ಬೆಂಗಳೂರಿನ ಒಳಗೆ ಆದರೆ ಶನಿವಾರ ಮಧ್ಯಾಹ್ನ ನಾನೇ ಡ್ರಿಲ್ ಹಿಡಿದು ಬರುತ್ತೇನೆ, ಅದಕ್ಕೆ ಏನೂ ಕೊಡಬೇಡಿ. ಹೊರಗಿನವರು ಸ್ಕ್ರೂ ಹಾಕುವಾಗ ವಿಡಿಯೋ ಕಾಲ್ ಮಾಡಿ, ಸಂಜೆ ಆರರ ಮೇಲೆ ಮಷೀನ್ ಸದ್ದು ಇರುವುದಿಲ್ಲ. ನಮ್ಮ ಹಳೇ ಗಾಜಿನ ಚೌಕಟ್ಟು ಮನೆಯಲ್ಲಿ ಇರುವವರಿಗೆ ಕ್ಲಿಪ್ಪು, ಹುಕ್ಕು ಬೇಕಾದರೆ ಮೊದಲಿನ ಹಾಗೇ ಕೊಡುತ್ತೇವೆ. ಸ್ಟಾಕ್ ಇಟ್ಟಿದ್ದೇನೆ.

ಇಂತಿ,
ನಿಮ್ಮ ಮರಗೆಲಸದ ಅಂಗಡಿಯವರು