ಕಾಚಂಪುಳಿ ಮಾತ್ರೆ ಬಗ್ಗೆ ಪುಟ್ಟಿಗೆ ದೊಡ್ಡಪ್ಪನ ಪತ್ರ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನಾವೆಲ್ಲ ಇಲ್ಲಿ ಕ್ಷೇಮ, ಕಾಫಿ ಕುಯ್ಲು ಶುರುವಾಗಿದೆ. ಮೊನ್ನೆ ಫೋನಲ್ಲಿ ಕೇಳಿದ್ಯಲ್ಲ, ಹಾಸ್ಟೆಲಲ್ಲಿ ಹುಡುಗೀರು ಸಣ್ಣ ಆಗೋಕೆ ಗಾರ್ಸಿನಿಯಾ ಮಾತ್ರೆ ತಗೊಳ್ತಿದಾರೆ, ಅದು ನಮ್ಮ ಪಂದಿಕರಿಗೆ, ಅಂದ್ರೆ ಕೊಡಗಿನ ಹಂದಿ ಸಾರಿಗೆ, ಹಾಕೋ ಕಾಚಂಪುಳಿ ಹುಳಿಯ ಹಣ್ಣೇ ಅಲ್ವಾ ದೊಡ್ಡಪ್ಪ, ನಾನೂ ತಗೊಂಡ್ರೆ ಏನಾಗುತ್ತೆ ಅಂತ. ಆವಾಗ ಕಣದಲ್ಲಿ ಆಳುಗಳು ಕಾಯ್ತಿದ್ರು, ಬೇಡ ಅಂದು ಫೋನ್ ಇಟ್ಬಿಟ್ಟೆ. ಯಾಕೆ ಬೇಡ ಅಂತಾನೂ ಹೇಳ್ಬೇಕಿತ್ತು, ನೀನು ಬಯಾಲಜಿ ಓದೋ ಹುಡುಗಿ, ಅದಕ್ಕೇ ಈಗ ಊಟ ಮುಗಿಸಿ ಕೂತು ಟೈಪ್ ಮಾಡ್ತಿದೀನಿ.

ಆ ಮಾತ್ರೆ ಒಂದು ಕಿಣ್ವದ (ಎನ್‌ಜೈಮ್) ಕೆಲಸಕ್ಕೆ ಅಡ್ಡ ಬರುತ್ತೆ, ಹಾಗಾಗಿ ಕಿಣ್ವ ಅಂದ್ರೇನು ತಿಳಿಯೋಕೆ ಮೊದಲು ನಮ್ಮ ಪಲ್ಪರ್ (ಕಾಫಿಹಣ್ಣಿನ ಸಿಪ್ಪೆ ಸುಲಿಯೋ ಯಂತ್ರ) ಪಕ್ಕದ ತೊಟ್ಟಿ ನೆನಪಿಸ್ಕೊ. ಸಿಪ್ಪೆ ಹೋದ್ಮೇಲೂ ಬೀಜಕ್ಕೆ ಲೋಳೆ ಅಂಟ್ಕೊಂಡಿರುತ್ತೆ, ಎಷ್ಟು ನೀರು ಹುಯ್ದು ಉಜ್ಜಿದ್ರೂ ಬೀಜ ಜಾರುತ್ತೇ ಹೊರತು ಲೋಳೆ ಹೋಗಲ್ಲ. ಅದರಲ್ಲಿರೋದು ಪೆಕ್ಟಿನ್, ಸಕ್ಕರೆ ಜಾತಿಯ ಅಣುಗಳ ಉದ್ದ ಸರಪಳಿ. ಅರೇಬಿಕಾ ಕಾಫೀನ 24ರಿಂದ 36 ಗಂಟೆ ತೊಟ್ಟೀಲಿ ಬಿಟ್ರೆ ಹಣ್ಣಲ್ಲೇ ಇರೋ ಕಿಣ್ವ, ಜೊತೆಗೆ ಅಲ್ಲಿ ಬೆಳೆಯೋ ಯೀಸ್ಟ್, ಬ್ಯಾಕ್ಟೀರಿಯಾ ಬಿಡೋ ಕಿಣ್ವ, ಎಲ್ಲ ಸೇರಿ ಆ ಪೆಕ್ಟಿನ್ ಸರಪಳೀನ ಕಡಿದು ಕಡಿದು ಹಾಕುತ್ವೆ. ಆಮೇಲೆ ಒಂದು ಹಿಡಿ ತೊಳೆದು ಅಂಗೈಲಿ ಉಜ್ಜಿದ್ರೆ ಜಲ್ಲಿ ಉಜ್ಜಿದ ಹಾಗೆ ಗರಗರ ಅನ್ನುತ್ತೆ, ಚಿಕ್ಕೋಳಿದ್ದಾಗ ಆ ಸದ್ದು ಕೇಳೋಕೇ ಓಡಿ ಬರ್ತಿದ್ದೆ ನೀನು. ಕಿಣ್ವ ಹೊಸದಾಗಿ ಶಕ್ತಿ ಏನೂ ಕೊಡಲ್ಲ ಪುಟ್ಟಿ, ಇದನ್ನ ಸರಿಯಾಗಿ ತಿಳ್ಕೊ. ತಾನಾಗೇ ಬಿಟ್ರೆ ಎಷ್ಟೋ ಕಾಲ ಹಿಡಿಯೋ ಕ್ರಿಯೆಗೆ ದಾಟಬೇಕಾದ ಏರನ್ನ ತಗ್ಗಿಸುತ್ತೆ, ಕೆಲಸ ಆದ್ಮೇಲೆ ತಾನು ಖರ್ಚಾಗದೆ ಇನ್ನೊಂದನ್ನ ಹಿಡಿಯುತ್ತೆ.

ಒಂದು ವರ್ಷ ಡಿಸೆಂಬರಲ್ಲಿ ವಿಪರೀತ ಚಳಿ, ನಾನು ಕೈಯಲ್ಲಿ ಉಜ್ಜಿ ನೋಡದೆ ಗಡಿಯಾರ ನೋಡಿ ತೊಳೆಸ್ಬಿಟ್ಟೆ. ಲೋಳೆ ಪೂರ್ತಿ ಬಿಟ್ಟಿರ್ಲಿಲ್ಲ, ಪಾರ್ಚ್‌ಮೆಂಟ್ (ಹೊಟ್ಟು ಸಮೇತದ ಕಾಫಿಬೀಜ) ಕಣದಲ್ಲಿ ಕಲೆ ಬಿದ್ದು ಅಂಟಂಟಾಗಿ ರೇಟಲ್ಲಿ ಏಟು ತಿಂದೆ. ಚಳಿಗೆ ಕಿಣ್ವ ನಿಧಾನ ಆಗುತ್ತೆ. ಜಾಸ್ತಿ ಬಿಸಿಯಾದ್ರೆ ಮಾತ್ರ ಬೆಂದ ಮೊಟ್ಟೆ ಥರ ಅದು ಮಡಚ್ಕೊಂಡಿರೋ ಆಕಾರವೇ ಕೆಟ್ಟು ಹೋಗುತ್ತೆ, ಯಾಕಂದ್ರೆ ಹೆಚ್ಚಿನ ಕಿಣ್ವಗಳೆಲ್ಲ ಪ್ರೋಟೀನು. 1926ರಲ್ಲಿ ಜೇಮ್ಸ್ ಸಮ್ನರ್ ಅನ್ನೋ ವಿಜ್ಞಾನಿ ಜ್ಯಾಕ್ ಬೀನ್ ಕಾಳಿಂದ ಯೂರಿಯೇಸ್ ಅನ್ನೋ ಕಿಣ್ವದ ಹರಳು ತೆಗೆದು ಇದನ್ನ ತೋರ್ಸಿದ್ದು.

ಆ ಮಡಚಿದ ಆಕಾರದೊಳಗೆ ಒಂದು ಸಂದು ಇರುತ್ತೆ, ಕೆಲಸ ಎಲ್ಲ ಆಗೋದು ಅಲ್ಲೇ. ಎಮಿಲ್ ಫಿಶರ್ ಅನ್ನೋ ವಿಜ್ಞಾನಿ 1894ರಲ್ಲಿ ಬೀಗಕ್ಕೆ ಬೀಗದಕೈ ಹೊಂದೋ ಹಾಗೆ ಅಂದ. 1958ರಲ್ಲಿ ಇನ್ನೊಬ್ಬ ವಿಜ್ಞಾನಿ ಕೋಶ್‌ಲ್ಯಾಂಡ್ ಬಂದು ಅಷ್ಟು ಗಟ್ಟಿ ಬೀಗ ಅಲ್ಲ ಅದು, ಒಳಗೆ ಬಂದಿದ್ದಕ್ಕೆ ತಕ್ಕ ಹಾಗೆ ಬಾಗುತ್ತೆ ಅಂದ. ಅಂಗೈಲಿ ಕಾಫಿಹಣ್ಣು ಇಟ್ರೆ ಬೆರಳು ಮಡಚ್ಕೊಳ್ಳುತ್ತಲ್ಲ, ಹಾಗೆ. ನಂಗೆ ಇದೇ ಚೆನ್ನಾಗಿ ಅರ್ಥ ಆಗೋದು.

ಈಗ ನಿನ್ನ ಮಾತ್ರೆಗೆ ಬರ್ತೀನಿ. ನಮ್ಮ ಜೀವಕೋಶದಲ್ಲಿ ಎಟಿಪಿ ಸಿಟ್ರೇಟ್ ಲಯೇಸ್ ಅಂತ ಒಂದು ಕಿಣ್ವ ಇದೆ, ಸಿಟ್ರೇಟನ್ನ (ಸಿಟ್ರಿಕ್ ಆಮ್ಲದ ರೂಪ) ಕತ್ತರಿಸಿ ಅಸಿಟೈಲ್ ಕೋಎ ಅನ್ನೋ ಕಚ್ಚಾವಸ್ತು ಮಾಡುತ್ತೆ, ಅದರಿಂದಾನೇ ಕೊಬ್ಬೂ ಆಗೋದು ಕೊಲೆಸ್ಟ್ರಾಲೂ ಆಗೋದು. ನೀನು ಕೇಳಿದ ಕಾಚಂಪುಳಿ ಹಣ್ಣಲ್ಲಿರೋ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ನೋಡೋಕೆ ಸಿಟ್ರಿಕ್ ಆಮ್ಲದ ಹಾಗೇ, ಒಂದು ಹೈಡ್ರಾಕ್ಸಿಲ್ ಗುಂಪು (ಆಕ್ಸಿಜನ್, ಹೈಡ್ರೋಜನ್ ಜೋಡಿ) ಮಾತ್ರ ಜಾಸ್ತಿ, ಹಾಗಾಗಿ ಸಿಟ್ರೇಟ್ ಕೂರ್ಬೇಕಾದ ಸಂದಲ್ಲಿ ಹೋಗಿ ತಾನು ಕೂತ್ಕೊಳ್ಳುತ್ತೆ. ಬೀಗದೊಳಗೆ ಬೇರೆ ಕೀ ಸಿಕ್ಕಾಕ್ಕೊಂಡ ಹಾಗೆ. ಮಾತ್ರೆ ಮಾರೋರು ಇಲ್ಲಿವರೆಗೆ ಹೇಳಿ ನಿಲ್ಲಿಸ್ತಾರೆ. ಆದ್ರೆ ಸಿಟ್ರೇಟ್ ಜಾಸ್ತಿ ಆದಾಗ ಇದನ್ನ ತಳ್ಳಿ ತನ್ನ ಜಾಗ ವಾಪಸ್ ತಗೊಳ್ಳುತ್ತೆ. ಇನ್ನು ನೀನು ಊಟದಲ್ಲಿ ತಿಂದ ಎಣ್ಣೆ ತುಪ್ಪ ಮೈಗೆ ಸೇರೋಕೆ ಈ ಕಿಣ್ವಾನೇ ಬೇಕಿಲ್ಲ. 1998ರಲ್ಲಿ ಅಮೆರಿಕದಲ್ಲಿ 135 ಜನರಿಗೆ 12 ವಾರ ಕೊಟ್ಟು ನೋಡಿದ್ರು, ಅರ್ಧ ಜನಕ್ಕೆ ಇದು, ಉಳಿದೋರಿಗೆ ಬರೀ ಡಮ್ಮಿ ಮಾತ್ರೆ, ತೂಕ ಇಳಿದಿದ್ರಲ್ಲಿ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಬರ್ಲಿಲ್ಲ.

ಉಪಯೋಗ ಇಲ್ಲ ಅನ್ನೋದಷ್ಟೇ ಆಗಿದ್ರೆ ದುಡ್ಡು ಹೋಯ್ತು ಅಂತ ಸುಮ್ನಿರ್ತಿದ್ದೆ. ಆದ್ರೆ ಇಂಥ ಮಾತ್ರೆ ತಗೊಂಡು ಲಿವರ್ ಕೆಟ್ಟ ಕೇಸುಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ, ಲಿವರ್ ಕಸಿ ಮಾಡೋ ತನಕ ಹೋದವರೂ ಇದಾರೆ. ನಿನ್ನ ವಯಸ್ಸಿಗೆ ಕೊಲೆಸ್ಟ್ರಾಲೂ ಬೇಕು ಮಗಳೇ, ಈಸ್ಟ್ರೋಜನ್ ಥರದ ಹಾರ್ಮೋನು ತಯಾರಾಗೋದು ಅದರಿಂದಾನೇ. ದೊಡ್ಡಮ್ಮ ಒಂದು ಪಾತ್ರೆ ಪಂದಿಗೆ ಕೊನೇಲಿ ಒಂದೆರಡು ಚಮಚ ಕಾಚಂಪುಳಿ ಬಿಡ್ತಾಳೆ, ಅದನ್ನ ಮನೆ ಮಂದಿಯೆಲ್ಲ ಹಂಚ್ಕೊಂಡು ತಿಂತೀವಿ. ಆ ಮಾತ್ರೆ ಹಾಗಲ್ಲ, ಸಾರ ತೆಗೆದು ಗಟ್ಟಿ ಮಾಡಿದ್ದು, ಅದನ್ನ ದಿನಾ ಖಾಲಿ ಹೊಟ್ಟೆಗೆ ನುಂಗೋದು ಅಂದ್ರೆ ಲೆಕ್ಕಾನೇ ಬೇರೆ.

ನಿನ್ನ ರೂಮಿನ ಹುಡುಗಿಗೂ ಇದನ್ನ ಓದೋಕೆ ಕೊಡು. ಅವಳಿಗೆ ಕಣ್ಣು ಹಳದಿ ಆದ್ರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದ್ರೆ, ಊಟ ಸೇರದೆ ಸುಸ್ತಾದ್ರೆ ಅವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗು, ಮಾತ್ರೆ ಡಬ್ಬಾನೂ ಜೊತೇಲಿ ತಗೊಂಡು ಹೋಗು. ಬೈತಾರೆ ಅಂತ ಮುಚ್ಚಿಡೋದು ಬೇಡ.

ರಜಕ್ಕೆ ಬಂದಾಗ ತೊಟ್ಟೀಲಿ ಕೈ ಹಾಕಿ ನೋಡೋಕೆ ನೀನೇ ಬರ್ಬೇಕು, ನನ್ನ ಕೈ ಈಗ ದೊರಗಾಗಿದೆ, ಮುಂಚಿನ ಹಾಗೆ ಗೊತ್ತಾಗಲ್ಲ.

ನಿನ್ನ ದೊಡ್ಡಪ್ಪ