ಪ್ಲೋವ್ಡಿವ್: ಊರು ಹಳೆಯದು, ಹೆಸರೂ ಅಷ್ಟೇ ಹಳೆಯದೇ?

ಮಾನ್ಯ ಸಂಪಾದಕರೇ,

ಬಲ್ಗೇರಿಯಾದ ಪ್ಲೋವ್ಡಿವ್ ಕುರಿತ ಪ್ರವಾಸ ಬರಹಗಳಲ್ಲಿ ಒಂದು ಮಾತು ಪದೇ ಪದೇ ಕಾಣುತ್ತದೆ. ಊರಿನ ಮೂಲ ಹೆಸರು ಆ ನಾಡಿನ ಪ್ರಾಚೀನ ಜನರಾದ ಥ್ರೇಸಿಯನ್ನರ ‘ಪುಲ್ಪುದೇವ’, ಮ್ಯಾಸಿಡೋನಿಯಾದ ದೊರೆ ಎರಡನೆಯ ಫಿಲಿಪ್ ಅದನ್ನು ಗ್ರೀಕಿಗೆ ತಿರುಗಿಸಿ ‘ಫಿಲಿಪ್ಪೊಪೊಲಿಸ್’ (ಫಿಲಿಪ್‌ನ ಊರು) ಮಾಡಿದ ಎಂಬುದು ಅದು. ಇತ್ಯರ್ಥವಾಗದ ವಿಷಯವನ್ನು ಹೀಗೆ ಖಚಿತವಾಗಿ ಬರೆಯುವುದು ಸರಿಯಲ್ಲ.

ಫಿಲಿಪ್ ಈ ಊರನ್ನು ಗೆದ್ದದ್ದು ಕ್ರಿ.ಪೂ. 342ರ ಸುಮಾರಿಗೆ. ‘ಪುಲ್ಪುದೇವ’ ಎಂಬ ರೂಪ ಸಿಗುವುದು ಕ್ರಿ.ಶ. 6ನೇ ಶತಮಾನದ ಇತಿಹಾಸಕಾರ ಯೋರ್ದಾನೆಸ್‌ನಲ್ಲಿ. ನಡುವೆ ಸುಮಾರು ಒಂಬೈನೂರು ವರ್ಷ. ಅವನು ಹಳೆಯ ಹೆಸರೊಂದನ್ನು ಉಳಿಸಿಕೊಟ್ಟಿರಬಹುದು ಎನ್ನುವವರಿದ್ದಾರೆ. ಆದರೆ ಧ್ವನಿಯ ಸಾಕ್ಷ್ಯ ಇನ್ನೊಂದು ಕಡೆ ವಾಲುತ್ತದೆ. ಫಿಲಿಪ್‌ನ ಕಾಲದ ಗ್ರೀಕಿನಲ್ಲಿ ಅವನ ಹೆಸರಿನ ಮೊದಲ ಅಕ್ಷರ ‘ಫೋನ್’ನಲ್ಲಿರುವ ಫ ಅಲ್ಲ, ‘ಫಲ’ದಲ್ಲಿರುವ ಮಹಾಪ್ರಾಣ. ಉಸಿರು ಕಳೆದರೆ ಉಳಿಯುವುದು ಪ. ಹಾಗಾಗಿ ‘ಪುಲ್ಪು’ ಎಂಬುದು ಥ್ರೇಸಿಯನ್ನರ ಬಾಯಲ್ಲಿ ಫಿಲಿಪ್ ಪಡೆದ ರೂಪವೇ ಇರಬೇಕು. ‘ದೇವ’ ಅಥವಾ ‘ದವ’ ಎಂದರೆ ಕೋಟೆ, ಊರು. ಡ್ಯಾನ್ಯೂಬ್ ತೀರದ ಸುಕಿದವದಂಥ ಊರುಗಳಲ್ಲೂ ಅದಿದೆ. ಕನ್ನಡದ ಓದುಗರು ಇಲ್ಲಿ ದೇವರನ್ನು ಹುಡುಕಬಾರದು. ಸಂಸ್ಕೃತದಲ್ಲಿ ಇದಕ್ಕೆ ನಂಟಿರುವುದು ‘ಧಾಮ’ದಲ್ಲಿರುವ ‘ಧಾ’ ಧಾತುವಿನೊಂದಿಗೆ ಎಂಬುದು ಭಾಷಾಶಾಸ್ತ್ರಜ್ಞರ ಸಾಮಾನ್ಯ ಅಭಿಪ್ರಾಯ. ಹೀಗೆ ನೋಡಿದರೆ ‘ಪುಲ್ಪುದೇವ’ವೇ ‘ಫಿಲಿಪ್ಪೊಪೊಲಿಸ್’ನ ಅನುವಾದ. ನನಗೂ ಇದೇ ಹೆಚ್ಚು ಸಮಂಜಸವಾಗಿ ತೋರುತ್ತದೆ.

ಸ್ಲಾವರು ಬಂದ ಮೇಲೆ ‘ಪುಲ್ಪು’ವಿನ ಸ್ವರ ಮತ್ತು ಲಕಾರ ಸ್ಥಾನ ಬದಲಿಸಿಕೊಂಡವು, ಎರಡನೆಯ ಪಕಾರ ವಕಾರವಾಯಿತು, ಕೊನೆಯ ಸ್ವರ ಬಿದ್ದುಹೋಯಿತು, ‘ಪ್ಲೋವ್ಡಿವ್’ ಉಳಿಯಿತು. ಆಟೋಮನ್ನರ ‘ಫಿಲಿಬೆ’ ಮಾತ್ರ ಗ್ರೀಕ್ ರೂಪದಿಂದಲೇ ಬಂದದ್ದು. ಎರಡರ ಹಿಂದೆಯೂ ಇರುವವನು ಅದೇ ಫಿಲಿಪ್.

ಇವನನ್ನು ರೋಮನ್ ಚಕ್ರವರ್ತಿ ‘ಅರಬ್’ ಫಿಲಿಪ್‌ನೊಂದಿಗೆ ಬೆರೆಸುವ ತಪ್ಪೂ ಆಗುತ್ತದೆ. ಆ ಚಕ್ರವರ್ತಿ ಕ್ರಿ.ಶ. 248ರಲ್ಲಿ ಊರಿಗೆ ಕೊಟ್ಟದ್ದು ರೋಮನ್ ವಸಾಹತು (ಕೊಲೋನಿಯಾ) ಎಂಬ ಗೌರವದ ಸ್ಥಾನಮಾನ. ಹೆಸರು ಆ ಹೊತ್ತಿಗೆ ಹಲವು ಶತಮಾನ ಹಳೆಯದು.

ಉಳಿದ ಹೆಸರುಗಳಿಗೂ ಇದೇ ಎಚ್ಚರ ಬೇಕು. ರೋಮನ್ನರ ‘ಟ್ರಿಮೋಂಟಿಯಂ’ಗೆ ತಕರಾರಿಲ್ಲ: ನೆಬೆತ್, ಜಂಬಜ್, ತಕ್ಸಿಮ್ ಎಂಬ ಮೂರು ಗುಡ್ಡಗಳ ಮೇಲಿನ ಊರು. ‘ಯೂಮೋಲ್ಪಿಯಾಸ್’ ಎಂಬುದನ್ನು ಅತಿ ಪ್ರಾಚೀನ ಹೆಸರೆಂದು ಹೇಳುವವರು, ಅದಕ್ಕೆ ಆಧಾರ 4ನೇ ಶತಮಾನದ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಎಂಬುದನ್ನೂ ಹೇಳಬೇಕು. ‘ಪೊನೆರೊಪೊಲಿಸ್’, ಅಂದರೆ ದುಷ್ಟರ ಊರು, ಇದೇ ಎಂದು ಬರೆದವನು 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ. ಆದರೆ ಫಿಲಿಪ್ ದುಷ್ಟರನ್ನು ನೆಲೆಗೊಳಿಸಿದ ಊರು ಬೇರೊಂದು ಎನ್ನುತ್ತಾನೆ ಗ್ರೀಕ್ ಭೂಗೋಳಜ್ಞ ಸ್ಟ್ರಾಬೊ. ಬೈಗುಳದಂಥ ಈ ಹೆಸರನ್ನು ಪ್ಲೋವ್ಡಿವ್‌ಗೆ ಅಂಟಿಸುವ ಮುನ್ನ ಇಬ್ಬರನ್ನೂ ಓದಬೇಕು.

ನೆಬೆತ್ ಗುಡ್ಡದ ಉತ್ಖನನದಲ್ಲಿ ಫಿಲಿಪ್‌ಗಿಂತ ಸಾವಿರಾರು ವರ್ಷ ಹಿಂದಿನ ವಸತಿಯ ಕುರುಹುಗಳು ಸಿಕ್ಕಿರುವುದು ನಿಜ. ಅದು ಊರಿನ ವಯಸ್ಸಿಗೆ ಸಾಕ್ಷಿ, ಹೆಸರಿನದ್ದಕ್ಕಲ್ಲ. ಕ್ರಿ.ಪೂ. 342ಕ್ಕಿಂತ ಹಿಂದಿನ ಶಾಸನದಲ್ಲೋ ನಾಣ್ಯದಲ್ಲೋ ‘ಪುಲ್ಪುದೇವ’ ಸಿಕ್ಕರೆ ವಾದ ತಿರುಗಿ ಬೀಳುತ್ತದೆ. ಅಲ್ಲಿಯವರೆಗೆ ಪ್ರತಿ ಹೆಸರಿನ ಜೊತೆ ಅದು ಮೊದಲು ಸಿಕ್ಕ ಶತಮಾನವನ್ನೂ ಬರೆದವನ ಹೆಸರನ್ನೂ ಲೇಖಕರು ಕೊಡಲಿ, ಸಂಪಾದಕರು ಕೇಳಲಿ.

– ಭಾಷಾ ಇತಿಹಾಸದ ಅಧ್ಯಾಪಕ