ವಾರ್ಡಿನ ಕಂಪ್ಯೂಟರ್ ಹಾಸಿಗೆಯ ಹತ್ತಿರ ಬರಲಿ

ಮಾನ್ಯ ಸಂಪಾದಕರೇ,

ಅವಳಿ ನಗರದಲ್ಲಿ ಮೂವತ್ತು ವರ್ಷ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಇತ್ತೀಚೆಗೆ ಅಕ್ಕನ ಆರೈಕೆಗೆಂದು ಇಲ್ಲಿನ ಆಸ್ಪತ್ರೆಯೊಂದರಲ್ಲಿ ಎಂಟು ದಿನ ಉಳಿಯಬೇಕಾಯಿತು. ವಾರ್ಡಿನ ಸಿಸ್ಟರ್‌ಗಳು ನಾಡಿ, ರಕ್ತದೊತ್ತಡ, ಜ್ವರದ ಅಂಕಿಗಳನ್ನು ಚೀಟಿಯ ಮೇಲೆ ಗೀಚಿಕೊಂಡು, ಆಮೇಲೆ ಕೇಸ್ ಶೀಟಿಗೆ ಇಳಿಸಿ, ಪಾಳಿ ಮುಗಿಯುವ ಹೊತ್ತಿಗೆ ಅವನ್ನೇ ಮತ್ತೆ ಬಾಗಿಲ ಬಳಿಯಿದ್ದ ಒಂದೇ ಕಂಪ್ಯೂಟರಿಗೆ ಸರದಿಯಲ್ಲಿ ತುಂಬುತ್ತಿದ್ದುದನ್ನು ದಿನವೂ ಕಂಡೆ. ಇದನ್ನು ಗಣಕೀಕರಣ ಎನ್ನುವುದಕ್ಕಿಂತ ಇನ್ನೊಂದು ರಿಜಿಸ್ಟರ್ ಎನ್ನುವುದೇ ಸರಿ.

ತಂತ್ರಜ್ಞಾನವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಇಬ್ಬರು ಬಸವ್ವ, ಮೂವರು ಶಾಂತವ್ವ ಇರುವುದು ಹೊಸದೇನಲ್ಲ. ಒಬ್ಬ ಬಸವ್ವನಿಗೆ ಬರೆದಿದ್ದ ಇನ್ಸುಲಿನ್ ಹಿಡಿದು ನಾನೊಮ್ಮೆ ಇನ್ನೊಬ್ಬರ ಹಾಸಿಗೆಯವರೆಗೆ ಹೋಗಿದ್ದೆ. ಅವರ ಮಗಳು ‘ನಮ್ಮವ್ವಗ ಸಕ್ರಿ ಬ್ಯಾನಿ ಇಲ್ರಿ ಸಿಸ್ಟರ್’ ಎಂದದ್ದರಿಂದ ಕೈ ತಡೆಯಿತು. ರೋಗಿಯ ಕೈಪಟ್ಟಿಯ ಬಾರ್‌ಕೋಡನ್ನೂ ಔಷಧದ ಬಾರ್‌ಕೋಡನ್ನೂ ಹಾಸಿಗೆಯ ಪಕ್ಕದಲ್ಲೇ ಸ್ಕ್ಯಾನ್ ಮಾಡಿ, ತಾಳೆಯಾಗದಿದ್ದರೆ ಎಚ್ಚರಿಸುವ ವ್ಯವಸ್ಥೆ ಹುಟ್ಟಿದ್ದೇ ಇಂಥ ತಪ್ಪನ್ನು ತಡೆಯಲು. ಹಾಗೆಯೇ ಉಸಿರಾಟದ ವೇಗ, ಆಮ್ಲಜನಕದ ಮಟ್ಟ, ನಾಡಿ, ರಕ್ತದೊತ್ತಡ, ಉಷ್ಣತೆ, ಪ್ರಜ್ಞೆ ಇವುಗಳಿಗೆ ಅಂಕ ಕೊಟ್ಟು, ಮೊತ್ತ ಏರಿದೊಡನೆ ವೈದ್ಯರನ್ನು ಕರೆಯಬೇಕೆನ್ನುವ ಪದ್ಧತಿಯನ್ನು ಬ್ರಿಟನ್ 2012ರಲ್ಲಿ ರೂಪಿಸಿತು. ಕಂಪ್ಯೂಟರ್ ಈ ಲೆಕ್ಕವನ್ನು ಕ್ಷಣದಲ್ಲಿ ಮಾಡಬಲ್ಲದು; ಆದರೆ ಹತ್ತು ಗಂಟೆಗೆ ನೋಡಿದ ಉಸಿರಾಟವನ್ನು ಎರಡು ಗಂಟೆಗೆ ತುಂಬಿದರೆ ಅದರ ಎಚ್ಚರಿಕೆಯೂ ನಾಲ್ಕು ತಾಸು ತಡವಾಗಿಯೇ ಬರುತ್ತದೆ.

ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ಶುಶ್ರೂಷಕಿ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಅದರ ಹತ್ತಿರವೂ ಸುಳಿಯದ ವಾರ್ಡುಗಳಲ್ಲಿ ಎರಡೆರಡು ಸಲ ಬರೆಯುವ ಸಮಯವನ್ನು ರೋಗಿಯ ಮಗ್ಗುಲು ತಿರುಗಿಸುವ, ಗಾಯ ನೋಡುವ, ಧೈರ್ಯ ಹೇಳುವ ಸಮಯದಿಂದಲೇ ಕಡಿಯಬೇಕಾಗುತ್ತದೆ.

ಕುಂದಗೋಳ, ಶಿರಹಟ್ಟಿ, ರಾಣೆಬೆನ್ನೂರು ಕಡೆಯಿಂದ ಹುಬ್ಬಳ್ಳಿಗೆ ಬರುವ ರೋಗಿಗಳು ಹಳೆಯ ಕಾಗದಗಳನ್ನೆಲ್ಲ ಇಂದಿಗೂ ಪ್ಲಾಸ್ಟಿಕ್ ಚೀಲದಲ್ಲಿ ತರುತ್ತಾರೆ. 2021ರಲ್ಲಿ ದೇಶಾದ್ಯಂತ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ 14 ಅಂಕಿಯ ‘ಆಭಾ’ ಎಂಬ ಆರೋಗ್ಯ ಗುರುತಿನ ಸಂಖ್ಯೆ, ರೋಗಿಯ ಒಪ್ಪಿಗೆ ಪಡೆದು ಹಳೆಯ ದಾಖಲೆಗಳನ್ನು ಆಸ್ಪತ್ರೆಗೆ ತೋರಿಸಿ ಈ ಚೀಲದ ಕೆಲಸವನ್ನು ಮಾಡಬೇಕಿತ್ತು. ಅಕ್ಕನಿಗೂ ಆ ಸಂಖ್ಯೆ ಇದೆ. ಆದರೂ ಆಕೆಗೆ ಪೆನಿಸಿಲಿನ್ ಒಗ್ಗುವುದಿಲ್ಲ ಎಂಬುದನ್ನು ಮೂರು ಪಾಳಿಯ ಸಿಸ್ಟರ್‌ಗಳಿಗೂ ನಾನೇ ಬಾಯಿಂದ ಹೇಳಬೇಕಾಯಿತು. ಇತ್ತ ಕೇಸ್ ಶೀಟಿನ ಫೋಟೊಗಳು ಮಾತ್ರ ಸ್ವಂತ ಮೊಬೈಲುಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಸಲೀಸಾಗಿ ಓಡಾಡುತ್ತಿದ್ದವು. ಇದಕ್ಕೆ ಅವರನ್ನು ದೂರುವ ಮನಸ್ಸಾಗಲಿಲ್ಲ, ವೈದ್ಯರನ್ನು ಬೇಗ ತಲುಪಲು ಅವರಿಗೆ ಬೇರೆ ದಾರಿಯನ್ನೇ ಕೊಟ್ಟಿರಲಿಲ್ಲ.

ಆದ್ದರಿಂದ ಜಿಲ್ಲೆಯ ಆಸ್ಪತ್ರೆಗಳ ಆಡಳಿತದವರಲ್ಲಿ ನನ್ನ ವಿನಂತಿಯಿಷ್ಟೆ. ಔಷಧದ ಟ್ರಾಲಿಯ ಮೇಲೆ ಒಂದು ಟ್ಯಾಬ್ ಇರಲಿ, ಕಂಪ್ಯೂಟರಿಗೆ ಹೋದ ಮಾಹಿತಿಯನ್ನು ಮತ್ತೆ ರಿಜಿಸ್ಟರಿನಲ್ಲಿ ಬರೆಸುವುದನ್ನು ಒಂದು ದಿನಾಂಕ ಗೊತ್ತುಮಾಡಿ ನಿಲ್ಲಿಸಲಿ, ಬಿಡುಗಡೆಯ ಚೀಟಿಯಲ್ಲಿ ಮಾತ್ರೆಯ ಹೊತ್ತುಗಳು ಕನ್ನಡದಲ್ಲಿ ಮುದ್ರಣವಾಗಲಿ. ಮುಂದಿನ ಸಾಫ್ಟ್‌ವೇರ್ ಖರೀದಿಸುವ ಮುನ್ನ ರಾತ್ರಿ ಪಾಳಿಯ ಒಬ್ಬ ಸಿಸ್ಟರ್ ಅದನ್ನು ವಾರ್ಡಿನಲ್ಲಿ ಒಂದು ವಾರ ಬಳಸಿ ನೋಡಲಿ. ಆಕೆ ಬೇಡವೆಂದರೆ ಕೊಳ್ಳುವುದು ಬೇಡ.

– ನಿವೃತ್ತ ಶುಶ್ರೂಷಕಿ, ಧಾರವಾಡ